ಜೂನ್ ತಿಂಗಳಲ್ಲಿ ಸುತ್ತಿಟ್ಟ ಚಳಿಗಾಲ

೨೦೨೦ರ ಜೂನ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ, ನಾನು ಕ್ಲಾಂಡಾಲ್ಕಿನ್‌ನ ನಮ್ಮ ಬಾಡಿಗೆ ಮನೆಗೂ ಪಕ್ಕದ ಮನೆಗೂ ನಡುವಿನ ಇಟ್ಟಿಗೆ ಗೋಡೆಯ ಈಚೆ ನಿಂತಿದ್ದೆ. ಗೋಡೆ ನನ್ನ ಮೊಣಕಾಲಿಗಿಂತ ಸ್ವಲ್ಪ ಎತ್ತರ. ಮಳೆ ಬಂದು ನಿಂತಿತ್ತು. ಬಲಗೈಯಲ್ಲಿ ಫೋನು ಇತ್ತು. ಹನ್ನೊಂದೂಕಾಲಿನ ಹೊತ್ತಿಗೆ ನಾನು ಪಕ್ಕದ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ, ಒಂದು ಮರದ ಕುರ್ಚಿಯ ಮೇಲೆ ಕೂತಿದ್ದೆ. ಆ ದಿನ ನನಗೆ ಕಂಡದ್ದೆಲ್ಲ ಈ ಎರಡು ಜಾಗಗಳಿಂದ ಕಂಡದ್ದು.

ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಹೋದ ನವೆಂಬರ್‌ನಲ್ಲಿ ಆ ಮನೆಯ ನೊರೀನಮ್ಮ ತೀರಿಕೊಂಡರು. ಎಂಬತ್ತೆಂಟು ವಯಸ್ಸು. ತಮ್ಮ ಮನೆಯಲ್ಲಿ, ತಮ್ಮ ಮಂಚದ ಮೇಲೆ ಹೋದರು. ಮಣ್ಣು ಮಾಡಿ ಬಂದ ಮೇಲೆ ಇಲ್ಲಿಯ ಐರಿಷ್ ರೂಢಿಯಂತೆ ಒಂದು ಹೋಟೆಲಿನಲ್ಲಿ ಸೂಪು, ಸ್ಯಾಂಡ್‌ವಿಚ್ ಇತ್ತು. ಅಲ್ಲಿ ಅವರ ಅಕ್ಕನ ಮಗ ಡೆಕ್ಲನ್ ಒಂದು ಕಥೆ ಹೇಳಿದ.

"ಆ ಕೊರೋನಾ ವರ್ಷ ಚಿಕ್ಕಮ್ಮನಿಗೆ ತಲೆ ನೆಟ್ಟಗಿರಲಿಲ್ಲ, ಪಾಪ. ಜೂನ್ ತಿಂಗಳು. ಊರೆಲ್ಲ ಐಸ್‌ಕ್ರೀಮ್ ತಿಂತಿದೆ. ಇವಳ ಗೋಡೆ ಮೇಲೆ ಹಿಮ ಬೀಳ್ತಿದೆ."

ಎಲ್ಲರೂ ನಕ್ಕರು. ನಗುವಂತೆಯೇ ಹೇಳಿದ್ದ. ಆಮೇಲೆ ಅವನು ಒಂದು ಉದ್ದನೆಯ ಮರದ ಪೆಟ್ಟಿಗೆ ತಂದು ನನ್ನ ಮುಂದೆ ಇಟ್ಟ. "ಸ್ವಾಮಿಗೆ ಅಂತ ಚೀಟಿ ಅಂಟಿಸಿದ್ದಾಳೆ. ತಗೋ, ನಿನ್ನ ಗುಬ್ಬಿಗಳು." ನನ್ನ ಕೈಯಲ್ಲಿ ಅರ್ಧ ತಿಂದ ಸ್ಯಾಂಡ್‌ವಿಚ್ ಇತ್ತು. ನಾನು ಥ್ಯಾಂಕ್ಸ್ ಅಂದೆ. ಬೇರೆ ಏನೂ ಹೇಳಲಿಲ್ಲ.

ಹೇಳಬೇಕಿತ್ತು. ಮನೆಗೆ ಬಂದು ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಕರ್ಪೂರದ ವಾಸನೆ ಬಂತು, ಅದರ ಕೆಳಗಿನಿಂದ ಹಳೆಯ ರೇಷ್ಮೆಯ ವಾಸನೆ. ನಾನು ಶಿಡ್ಲಘಟ್ಟದ ಪಕ್ಕದ ಹಳ್ಳಿಯವನು, ರೇಷ್ಮೆಹುಳು ಸಾಕುವ ಮನೆಯಲ್ಲಿ ಬೆಳೆದವನು. ಆ ವಾಸನೆಯ ಮುಂದೆ ನನಗೆ ಸುಳ್ಳು ಹೇಳುವುದಕ್ಕೆ ಆಗುವುದಿಲ್ಲ. ಆದ್ದರಿಂದ ಅಂದು ಹೋಟೆಲಿನಲ್ಲಿ ಬಾಯಿ ಬಿಡದವನು ಈಗ ಬರೆಯುತ್ತಿದ್ದೇನೆ. ನೊರೀನಮ್ಮನ ತಲೆ ನೆಟ್ಟಗೇ ಇತ್ತು. ಸೊಟ್ಟಗಿದ್ದದ್ದು ನಾನು ಬರೆದ ಒಂದು ರಿಪೋರ್ಟು.

ನಾವು ಇಲ್ಲಿಗೆ ಬಂದದ್ದು ೨೦೧೯ರ ಸೆಪ್ಟೆಂಬರ್‌ನಲ್ಲಿ. ನನ್ನ ಹೆಂಡತಿ ಶಾಲಿನಿ ಡಾಕ್ಟರು, ಅವಳಿಗೆ ಇಲ್ಲಿಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ನಾನು ಸಾಫ್ಟ್‌ವೇರ್ ಟೆಸ್ಟರು. ಬೇರೆಯವರು ಬರೆದ ಪ್ರೋಗ್ರಾಮನ್ನು ಓಡಿಸಿ ನೋಡಿ, ಎಲ್ಲಿ ತಪ್ಪಿದೆ ಎಂದು ಬರೆದು ಕಳಿಸುವುದು ನನ್ನ ಕೆಲಸ. ಬಂದ ಮೂರನೆಯ ದಿನ ಪಕ್ಕದ ಮನೆಯಿಂದ ತೆಳ್ಳಗೆ ಎತ್ತರವಾಗಿದ್ದ ಒಬ್ಬ ಮುದುಕಿ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಹಿಡಿದು ಬಂದರು. ಹೆಸರು ಕೇಳಿದರು. ನಾರಾಯಣಸ್ವಾಮಿ ಎಂದೆ.

"ಅದರಲ್ಲಿ ನನ್ನ ಹಲ್ಲಿಗೆ ಸಿಗುವಂಥ ತುಂಡು ಯಾವುದು?"

"ಸ್ವಾಮಿ."

"ಸರಿ ಸ್ವಾಮಿ. ಬ್ರೆಡ್ಡು ಇವತ್ತೇ ತಿನ್ನು. ನಾಳೆಗೆ ಇದು ಇಟ್ಟಿಗೆ."

ಅವರು ಆಚೆ ಹೋದ ಮೇಲೆ ಶಾಲಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಡೀ ಶಿಡ್ಲಘಟ್ಟ ತಾಲ್ಲೂಕಲ್ಲಿ ನಿನ್ನ ಒಬ್ರೂ ಸ್ವಾಮಿ ಅನ್ಲಿಲ್ಲ ಕಣೋ. ಅದಕ್ಕೊಬ್ಬ ಐರಿಷ್ ಅಮ್ಮ ಬರಬೇಕಾಯ್ತು." ಅವತ್ತಿನಿಂದ ಅವರು ನಮ್ಮ ಮನೆಯ ಮಾತಿನಲ್ಲಿ ನೊರೀನಮ್ಮ.

ಡಿಸೆಂಬರ್‌ನಲ್ಲಿ ಅವರ ಇಂಟರ್ನೆಟ್ಟು ಕೆಟ್ಟಿತ್ತು. ಸರಿಮಾಡಲು ಹೋದಾಗ ಮುಂದಿನ ಕೋಣೆಯಲ್ಲಿ ಆ ಚಿತ್ರ ತೂಗುತ್ತಿತ್ತು. ಜಪಾನಿನದು. ಚೌಕಟ್ಟು ಇಲ್ಲ, ಗಾಜು ಇಲ್ಲ. ಎರಡು ಗೇಣು ಅಗಲ, ಆಳುದ್ದ. ಕೆಳಗಿನ ತುದಿಗೆ ಮರದ ಕೋಲು, ಅದಕ್ಕೆ ಸುತ್ತಿ ಮಡಗುವಂಥದು. ರೇಷ್ಮೆಯ ಮೇಲೆ ಬರೆದದ್ದು. ರೇಷ್ಮೆ ವಯಸ್ಸಾಗಿ ಚಹಾ ಬಣ್ಣಕ್ಕೆ ತಿರುಗಿತ್ತು. ಮೇಲೆ ಹಿಮದ ಭಾರಕ್ಕೆ ಬಾಗಿದ ಒಂದು ಬಿದಿರು. ಕೆಳಗೆ ಕೆಂಪು ಹಣ್ಣಿನ ಒಂದು ಪೊದೆ. ಬಿದಿರಿನ ಮೇಲೆ ಎರಡು ಗುಬ್ಬಿ, ಚಳಿಗೆ ಪುಕ್ಕ ಉಬ್ಬಿಸಿಕೊಂಡು ಹತ್ತಿಯ ಉಂಡೆ ಹಾಗೆ ಕೂತಿದ್ದವು. ಮೂರನೆಯದು ಪೊದೆಯ ಮೇಲೆ, ನಮ್ಮ ಕಡೆಗೆ ಬೆನ್ನು ಮಾಡಿ.

"ಹಿಮಕ್ಕೆ ಬಣ್ಣ ಹಚ್ಚಿಲ್ಲ ನೋಡು," ಎಂದರು ಅವರು. "ಅಷ್ಟು ಜಾಗ ಹಾಗೇ ಬಿಟ್ಟಿದ್ದಾರೆ."

ಹತ್ತಿರ ಹೋಗಿ ನೋಡಲು ಅಲ್ಲಿದ್ದ ಕುರ್ಚಿ ಎಳೆದೆ. ಅವರು ತಡೆದರು. "ನಿಂತು ನೋಡು. ಕೂತು ನೋಡೋದು ಪೆಗ್."

ಪೆಗ್ ಅವರ ಶಾಲೆಯ ಗೆಳತಿ. ನೊರೀನಮ್ಮ ಮದುವೆಯಾಗಲಿಲ್ಲ. ಹರೆಯದಲ್ಲಿ ಹನ್ನೊಂದು ವರ್ಷ ಜಪಾನಿನ ಉತ್ತರದ ಒಂದು ಊರಿನಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದರು. ಹೊರಟು ಬರುವಾಗ ಮನೆಯೊಡತಿ ಆ ಚಿತ್ರ ಕೊಟ್ಟಳಂತೆ, ಅದರ ಜೊತೆಗೆ ಕಟ್ಟಳೆಗಳನ್ನೂ. ಚಳಿ ಶುರುವಾದಾಗ ತೂಗುಹಾಕಬೇಕು, ಚಳಿ ಮುಗಿದಾಗ ಇಳಿಸಬೇಕು. ಮೊಳೆಯಿಂದ ತೆಗೆಯುವಾಗ ಕೈ ತಾಗಿಸಬಾರದು, ಕವಲು ಇರುವ ಬಿದಿರು ಕೋಲಿನಿಂದಲೇ ಎತ್ತಬೇಕು. ಆ ಕೋಲು ನಮ್ಮ ಕಡೆ ಹುಣಸೆಕಾಯಿ ಕೀಳುವ ದೋಟಿಯ ಮರಿಯ ಹಾಗಿತ್ತು. ಕೊನೆಯ ಕಟ್ಟಳೆ: ಹೊರಗಿನವರು ಒಬ್ಬರಾದರೂ ಬಂದು, ಅದರ ಮುಂದೆ ಕೂತು ನೋಡುವವರೆಗೆ ಅದನ್ನು ಸುತ್ತಿಡಬಾರದು. ಯಾರೂ ನೋಡದ ಚಳಿಗಾಲವನ್ನು ಪೆಟ್ಟಿಗೆಗೆ ಹಾಕಬಾರದು ಎಂದಿದ್ದಳಂತೆ ಆಕೆ. ಅದು ಆ ದೇಶದ ಪದ್ಧತಿಯೋ, ಆ ಒಬ್ಬಾಕೆಯ ಮನೆಯ ಪದ್ಧತಿಯೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ಪ್ರತಿ ವರ್ಷ ಮಾರ್ಚ್‌ನಲ್ಲಿ, ಸೇಂಟ್ ಪ್ಯಾಟ್ರಿಕ್ ಹಬ್ಬದ ಹಿಂದಿನ ಭಾನುವಾರ, ಪೆಗ್ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಆ ಮರದ ಕುರ್ಚಿಯ ಮೇಲೆ ಕಾಲು ಗಂಟೆ ಕೂತು ನೋಡಿ, "ಈ ಸಲ ಇನ್ನೂ ದಪ್ಪ ಆಗಿದ್ದಾವೆ ಕಣೇ" ಅನ್ನುತ್ತಿದ್ದರು. ಪ್ರತಿ ವರ್ಷವೂ ಅದೇ ಮಾತು. ಆಮೇಲೆ ಇಬ್ಬರೂ ಸೇರಿ ಇಳಿಸಿ, ಸುತ್ತಿ, ಕೇಕು ತಿನ್ನುತ್ತಿದ್ದರು. ನಲವತ್ತು ವರ್ಷಕ್ಕೂ ಮೇಲೆ ಹೀಗೆ ನಡೆದಿತ್ತು.

೨೦೨೦ರ ಜನವರಿಯಲ್ಲಿ ಪೆಗ್ ಬಿದ್ದು ಸೊಂಟ ಮುರಿದುಕೊಂಡರು. ಅವರನ್ನು ನರ್ಸಿಂಗ್ ಹೋಮಿಗೆ ಸೇರಿಸಿದರು. ನಮ್ಮೂರಲ್ಲಿ ನರ್ಸಿಂಗ್ ಹೋಮ್ ಅಂದರೆ ಹೆರಿಗೆಗೆ ಹೋಗಿ ಮಗು ಎತ್ತಿಕೊಂಡು ಬರುವ ಜಾಗ. ಇಲ್ಲಿ ಅದು ವಯಸ್ಸಾದವರು ಕೊನೆಯವರೆಗೆ ಇರುವ ಮನೆ. ಹಬ್ಬದ ಭಾನುವಾರ ಪೆಗ್‌ರನ್ನು ಗಾಡಿಯಲ್ಲಿ ಕರೆತರುವುದು ಎಂದು ಮಾತಾಗಿತ್ತು. ಅಷ್ಟರಲ್ಲಿ ಕೊರೋನಾ ಬಂದು ಅಲ್ಲಿ ಬಾಗಿಲು ಹಾಕಿದರು. ಒಳಗಿನವರು ಹೊರಗೆ ಬರುವ ಹಾಗಿಲ್ಲ, ಹೊರಗಿನವರು ಒಳಗೆ ಹೋಗುವ ಹಾಗಿಲ್ಲ.

ಮಾರ್ಚ್ ಕೊನೆಯಲ್ಲಿ ಎಪ್ಪತ್ತು ದಾಟಿದವರೆಲ್ಲ ಮನೆಯೊಳಗೇ ಇರಬೇಕು ಎಂದು ಹೇಳಿದರು. ಅದಕ್ಕೆ ಇಲ್ಲಿಯವರು ಇಟ್ಟ ಹೆಸರು ಕೊಕೂನಿಂಗ್. ಕೊಕೂನ್ ಅಂದರೆ ಗೂಡು, ನಮ್ಮ ರೇಷ್ಮೆಗೂಡು. ಟಿವಿಯಲ್ಲಿ ಆ ಮಾತು ಕೇಳಿ ಮೆಟ್ಟಿಲ ಹತ್ತಿರ ಹೋದೆ. ಕೆಳಗಿನಿಂದಲೇ ಶಾಲಿನಿಗೆ ಹೇಳಿದೆ, "ಇವರಲ್ಲಿ ಯಾರೂ ಹುಳು ಸಾಕಿಲ್ಲ ಅನ್ಸುತ್ತೆ."

"ಸಾಕಿದ್ರೆ ಆ ಹೆಸರು ಇಡ್ತಿರಲಿಲ್ಲ," ಅಂದಳು ಅವಳು. ಅವಳು ಆಗಲೇ ಬೇರೆ ತಟ್ಟೆ ಲೋಟ ಇಟ್ಟುಕೊಂಡು ಮೇಲಿನ ಚಿಕ್ಕ ಕೋಣೆಗೆ ಹೋಗಿಬಿಟ್ಟಿದ್ದಳು. ನಾವು ಮಾತಾಡುತ್ತಿದ್ದದ್ದು ಮೆಟ್ಟಿಲ ಮೇಲೊಬ್ಬರು ಕೆಳಗೊಬ್ಬರು ನಿಂತು.

ನೊರೀನಮ್ಮನ ದಿನಸಿ ತರುವುದು ನನ್ನ ಪಾಲಿಗೆ ಬಂತು. ಅವರು ಪಟ್ಟಿಯನ್ನು ಕಿಟಕಿಯ ಒಳಗಿನಿಂದ ಗಾಜಿಗೆ ಅಂಟಿಸುತ್ತಿದ್ದರು, ನಾನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದೆ. ಚೀಲ ಬಾಗಿಲಲ್ಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆ. ಇದು ನನಗೆ ಕಷ್ಟವಾಗಲಿಲ್ಲ. ನಮ್ಮ ಹುಳುಮನೆಗೆ ಕಾಲಿಡುವ ಮೊದಲು ಬ್ಲೀಚಿಂಗ್ ನೀರಿನಲ್ಲಿ ಕಾಲು ತೊಳೆಯಬೇಕಿತ್ತು. ನೆಂಟರನ್ನು ಒಳಗೆ ಬಿಡುತ್ತಿರಲಿಲ್ಲ. ಹುಳು ನಾಲ್ಕು ಸಲ ಮೇವು ಬಿಟ್ಟು ಮಲಗಿ ಚರ್ಮ ಕಳಚುತ್ತದೆ; ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜ್ವರದ ಹುಳುವಿನ ಹತ್ತಿರ ಜೋರಾಗಿ ಮಾತಾಡಿದರೂ ಅಪ್ಪ ಬೈಯುತ್ತಿದ್ದರು.

ಒಂದು ದಿನ ನೊರೀನಮ್ಮ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದು ಕೇಳಿದರು.

"ಸ್ವಾಮಿ, ನಿಮ್ಮಪ್ಪ ರೇಷ್ಮೆಹುಳು ಸಾಕ್ತಾರೆ ಅಂದಿದ್ದೆ. ಗೂಡೊಳಗೆ ಹೋದ ಹುಳಕ್ಕೆ ಏನಾಗುತ್ತೆ?"

"ಚಿಟ್ಟೆ ಆಗುತ್ತೆ."

"ಅದು ಮಕ್ಕಳ ಪುಸ್ತಕದಲ್ಲಿ. ನಿಮ್ಮಪ್ಪನ ಮನೆಯಲ್ಲಿ?"

"ಗೂಡನ್ನ ಮಾರ್ಕೆಟ್ಟಿಗೆ ಹಾಕ್ತೀವಿ. ನೂಲು ಬಿಚ್ಚೋರು ತಗೊಂಡು ಹೋಗಿ ಬೇಯಿಸ್ತಾರೆ."

"ಹುಳದ ಸಮೇತ."

"ಹುಳದ ಸಮೇತ."

"ಎಲ್ಲವನ್ನೂ?"

"ಇಲ್ಲ. ಬಿತ್ತನೆ ಗೂಡು ಅಂತ ಬೇರೆ ಇರುತ್ತೆ. ಅದನ್ನ ಬೇಯಿಸಲ್ಲ. ಚಿಟ್ಟೆ ತೂತು ಮಾಡ್ಕೊಂಡು ಆಚೆ ಬರುತ್ತೆ, ಮೊಟ್ಟೆ ಇಡುತ್ತೆ. ತೂತಾದ ಗೂಡಿಂದ ಒಳ್ಳೆ ನೂಲು ಬರಲ್ಲ."

"ಅಂದ್ರೆ ಯಾರಿಗೂ ಲಾಭ ಇಲ್ಲದ ಗೂಡು." ಅವರು ಯೋಚಿಸಿದರು. "ನನ್ನದು ಅದು ಅಂತ ಬರ್ಕೋ." ಕಿಟಕಿ ಮುಚ್ಚಿದರು.

ಏಪ್ರಿಲ್‌ನಲ್ಲಿ ಪೆಗ್ ತೀರಿಕೊಂಡರು. ಅದೇ ನರ್ಸಿಂಗ್ ಹೋಮಿನಲ್ಲಿ, ಅದೇ ಕಾಯಿಲೆ. ಮಣ್ಣಿಗೆ ಹತ್ತು ಜನ ಮಾತ್ರ. ಪೆಗ್‌ರ ಮಕ್ಕಳು ಹೆಣದ ಗಾಡಿಯನ್ನು ಸುತ್ತು ಹಾಕಿಸಿ ನಮ್ಮ ಬೀದಿಯಲ್ಲಿ ತಂದರು. ನೊರೀನಮ್ಮ ಕಪ್ಪು ಕೋಟು ಹಾಕಿ ಗೇಟಿನವರೆಗೆ ಬಂದು ನಿಂತರು. ಮೂರು ವಾರದಲ್ಲಿ ಅವರು ಅಷ್ಟು ದೂರ ಬಂದದ್ದು ಅದೇ ಮೊದಲು. ಗಾಡಿ ಅವರ ಮುಂದೆ ಒಂದು ನಿಮಿಷ ನಿಂತಿತು. ಅವರು ಗೇಟಿನ ಕಂಬಿಯ ಮೇಲೆ ಕೈ ಇಟ್ಟಿದ್ದರು. ಆ ಕೈ ಅಲ್ಲಾಡಲಿಲ್ಲ. ಗಾಡಿ ಹೋಯಿತು. ಅವರು ಒಳಗೆ ಹೋದರು. ನಾನು ಗೋಡೆಯ ಈಚೆ ನಿಂತು ನೋಡಿದೆ.

ಚಿತ್ರ ಗೋಡೆಯ ಮೇಲೇ ಉಳಿಯಿತು. ನೋಡುವವರು ಬರಲಿಲ್ಲ, ಆದ್ದರಿಂದ ಅದನ್ನು ಇಳಿಸುವ ಹಾಗಿರಲಿಲ್ಲ. ಏಪ್ರಿಲ್ ಹೋಯಿತು. ಮೇ ಬಂತು. ಆ ವರ್ಷ ಬಿಸಿಲು ಚೆನ್ನಾಗಿತ್ತು, ಬೀದಿಯ ಮರಗಳೆಲ್ಲ ಹೂ ಬಿಟ್ಟವು. ಕಿಟಕಿಯ ಒಳಗೆ ಬಿದಿರು ಹಿಮ ಹೊತ್ತುಕೊಂಡೇ ಇತ್ತು. ಮುದುಕರು ದಿನಕ್ಕೊಂದು ಸಲ ನಡೆದಾಡಬಹುದು ಎಂದು ನಿಯಮ ಸಡಿಲವಾದಾಗ, ನೊರೀನಮ್ಮ ಕೋಲು ಹಿಡಿದು ಕಾಲುವೆಯವರೆಗೆ ಹೋಗಿ ಬರುತ್ತಿದ್ದರು. ಕಾಲುವೆಯ ಹಂಸಗಳಿಗೆ ಮರಿಯಾಗಿದೆ ಎಂದು ಹೇಳುತ್ತಿದ್ದರು. ಚಿತ್ರದ ಮಾತು ಎತ್ತುತ್ತಿರಲಿಲ್ಲ.

ಡೆಕ್ಲನ್ ಇದ್ದದ್ದು ಬ್ಯಾಲಿನ್‌ಕೊಲಿಗ್‌ನಲ್ಲಿ, ಕಾರ್ಕ್ ಪಟ್ಟಣದ ಪಕ್ಕ. ಅಲ್ಲಿಂದ ಬರುವ ಹಾಗಿರಲಿಲ್ಲ. ವಾರಕ್ಕೊಮ್ಮೆ ಚಿಕ್ಕಮ್ಮ ಹೇಗಿದ್ದಾಳೆ ಎಂದು ಬರೆದು ಕಳಿಸು ಎಂದು ನನ್ನನ್ನು ಕೇಳಿದ್ದ. ನನಗೆ ಬರುವುದು ಒಂದೇ ರೀತಿಯ ಬರವಣಿಗೆ. ಆಫೀಸಿನಲ್ಲಿ ಬರೆಯುವಂತೆ ಎರಡು ಅಂಕಣ ಹಾಕಿದೆ: ಇರಬೇಕಾದ್ದು, ಇರುವುದು. ಊಟ ಮೂರು ಹೊತ್ತು ಇರಬೇಕು, ಇದೆ. ಮಾತ್ರೆ ತಪ್ಪಬಾರದು; ತಪ್ಪಿಲ್ಲ. ಮೇ ಮೂರನೆಯ ವಾರದ ರಿಪೋರ್ಟಿನಲ್ಲಿ ಇನ್ನೊಂದು ಸಾಲು ಸೇರಿಸಿದೆ. ಇರಬೇಕಾದ್ದು: ಚಳಿಗಾಲದ ಚಿತ್ರ ಮಾರ್ಚ್‌ನಲ್ಲಿ ಇಳಿಯಬೇಕು. ಇರುವುದು: ಇನ್ನೂ ತೂಗುತ್ತಿದೆ.

ಯಾಕೆ ಎಂದು ನನಗೆ ಗೊತ್ತಿತ್ತು. ಆದರೆ ಯಾಕೆ ಎಂಬ ಅಂಕಣ ನಮ್ಮ ರಿಪೋರ್ಟಿನಲ್ಲಿ ಇರುವುದಿಲ್ಲ. ಕಂಡದ್ದನ್ನು ಬರೆಯುವುದು ಟೆಸ್ಟರ್ ಕೆಲಸ, ಕಾರಣ ಹುಡುಕುವುದು ಬೇರೆಯವರ ಕೆಲಸ. ಹನ್ನೆರಡು ವರ್ಷದ ಅಭ್ಯಾಸ. ಬರೆದೆ, ಕಳಿಸಿದೆ, ಮರೆತೆ.

ಜೂನ್‌ನ ಆ ಮಂಗಳವಾರ ಡೆಕ್ಲನ್ ಬಂದ. ವಯಸ್ಸಾದವರ ಆರೈಕೆಗೆ ಹೋಗುತ್ತಿದ್ದೇನೆ ಎಂದು ರಸ್ತೆಯಲ್ಲಿ ಪೊಲೀಸರಿಗೆ ಹೇಳಿ ಬಂದಿದ್ದ. ಅವನ ಜೊತೆ ಆ ಭಾಗದ ಆರೋಗ್ಯ ನರ್ಸ್ ಬ್ರೀಡಾ ಬಂದಿದ್ದರು. ಐವತ್ತೈದರ ಆಸುಪಾಸಿನ ಗಟ್ಟಿ ಹೆಂಗಸು, ನೀಲಿ ಮಾಸ್ಕು, ಪ್ಲಾಸ್ಟಿಕ್ ಏಪ್ರನ್, ಕೈಯಲ್ಲಿ ಬರೆಯುವ ಹಲಗೆ. ನೊರೀನಮ್ಮ ಬಾಗಿಲಲ್ಲಿ ನಿಂತರು, ಉಳಿದ ಇಬ್ಬರು ಅಂಗಳದಲ್ಲಿ. ನಾನು ಎಲ್ಲಿದ್ದೆ ಎಂದು ಮೊದಲೇ ಹೇಳಿದ್ದೇನೆ. ವಿಷಯ ಏನು ಎಂದು ಐದು ನಿಮಿಷದಲ್ಲಿ ತಿಳಿಯಿತು: ಚಿಕ್ಕಮ್ಮನಿಗೆ ಮರೆವು ಶುರುವಾಗಿದೆ, ಒಬ್ಬಳೇ ಇರಲಾರಳು ಎಂದು ನರ್ಸ್ ಬರೆದುಕೊಟ್ಟರೆ ನರ್ಸಿಂಗ್ ಹೋಮಿನ ಅರ್ಜಿ ಮುಂದೆ ಹೋಗುತ್ತದೆ. ಅರ್ಜಿ ಡೆಕ್ಲನ್‌ನ ಕೋಟಿನ ಜೇಬಿನಲ್ಲಿತ್ತು.

"ಪೆಗ್ ಹೋದಲ್ಲಿಗೆ," ಎಂದರು ನೊರೀನಮ್ಮ.

"ಅದೇ ಅಲ್ಲ. ಕಾರ್ಕ್‌ನಲ್ಲಿ, ನಮ್ಮ ಹತ್ತಿರ. ನೀನು ಇಲ್ಲಿ ಬಿದ್ದು ಮೂರು ದಿನ ಹಾಗೇ ಬಿದ್ದಿದ್ರೆ ಯಾರು ನೋಡ್ತಾರೆ ಚಿಕ್ಕಮ್ಮ? ನನಗೆ ನಿದ್ದೆ ಬರಲ್ಲ." ಅದು ನಿಜ ಇತ್ತು. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. ಅದನ್ನೂ ನಾನು ನೋಡಿದೆ.

ಬ್ರೀಡಾ ಪ್ರಶ್ನೆ ಕೇಳಲು ಶುರುಮಾಡಿದರು. ಇವತ್ತು ಯಾವ ವಾರ? ಮಂಗಳವಾರ, ಕಸದ ಗಾಡಿ ಬಂದು ಹೋಯಿತು. ಯಾವ ತಿಂಗಳು? ಜೂನ್. ಈ ದೇಶದ ಪ್ರಧಾನಿ ಯಾರು?

"ಫೆಬ್ರವರಿಯಲ್ಲಿ ಓಟು ಹಾಕಿ ಬಂದೆ. ಯಾರು ಅಂತ ಅವರೇ ಇನ್ನೂ ತೀರ್ಮಾನ ಮಾಡಿಲ್ಲ. ನಾನು ಹೇಗೆ ಹೇಳಲಿ?"

ಬ್ರೀಡಾ ಅವರ ಮಾಸ್ಕು ಅಲ್ಲಾಡಿತು. ಆಗ ಡೆಕ್ಲನ್ ಫೋನು ತೆಗೆದ. "ಮಾತಿನಲ್ಲಿ ಅವಳನ್ನ ಯಾರೂ ಸೋಲಿಸೋಕಾಗಲ್ಲ. ಇದನ್ನ ಕೇಳಿ. ನಾನು ಬರೆದದ್ದಲ್ಲ, ಪಕ್ಕದ ಮನೆಯವನು ಬರೆದದ್ದು. ಅವನ ಕೆಲಸವೇ ತಪ್ಪು ಹಿಡಿಯೋದು." ಓದಿದ. ಇರಬೇಕಾದ್ದು. ಇರುವುದು. ನನ್ನ ಎರಡು ಸಾಲು, ಒಂದು ಅಕ್ಷರ ತಪ್ಪಿಲ್ಲದೆ. "ನಲವತ್ತು ವರ್ಷ ತಪ್ಪದೆ ಮಾರ್ಚ್‌ನಲ್ಲಿ ಇಳಿಸ್ತಿದ್ದವಳು. ಕಿಟಕಿಯಲ್ಲಿ ನೋಡಿ."

ನೊರೀನಮ್ಮ ನನ್ನ ಕಡೆ ತಿರುಗಿದರು. ಕೋಪ ಇರಲಿಲ್ಲ. ಅಂಗಡಿಯಲ್ಲಿ ಹಣ್ಣು ತಿರುಗಿಸಿ ಕೊಳೆತ ಮಗ್ಗುಲು ಕಂಡಾಗ ನೋಡುವ ಹಾಗೆ ನೋಡಿದರು.

"ಹಿಮದ ಚಿತ್ರ ಇನ್ನೂ ಯಾಕಿದೆ, ನೊರೀನ್?" ಎಂದರು ಬ್ರೀಡಾ.

"ನೋಡೋರು ಬರಲಿಲ್ಲ."

"ಕೇಳಿದ್ರಾ?" ಎಂದ ಡೆಕ್ಲನ್, ಮೆಲ್ಲಗೆ.

ತಮ್ಮ ಬಾಗಿಲಲ್ಲಿ ನಿಂತು ತಮ್ಮ ತಲೆ ಸರಿಯಿದೆ ಎಂದು ವಾದಿಸುವುದು ನೊರೀನಮ್ಮನಿಗೆ ಬೇಕಿರಲಿಲ್ಲ. ಮಾತಾಡಬೇಕಾದವನು ನಾನು. ಫೋನು ಜೇಬಿಗೆ ಹಾಕಿಕೊಂಡೆ.

"ಆ ರಿಪೋರ್ಟ್ ತಪ್ಪು," ಎಂದೆ.

"ಚಿತ್ರ ಇಳಿಸಿದ್ದಾರಾ ಹಾಗಾದ್ರೆ?"

"ಇಳಿಸಿಲ್ಲ. ಬೇಕೆಂದೇ ಇಳಿಸಿಲ್ಲ. ಕಾರಣ ನನಗೆ ಗೊತ್ತಿತ್ತು, ಬರೀಲಿಲ್ಲ." ಆಮೇಲೆ ಮನೆಯೊಡತಿಯ ಕಟ್ಟಳೆ ಹೇಳಿದೆ. ಕುರ್ಚಿ ಹೇಳಿದೆ, ಎರಡು ಬಸ್ಸು ಹೇಳಿದೆ, ಹಬ್ಬದ ಭಾನುವಾರ ಬರಬೇಕಿದ್ದ ಗಾಡಿ ಹೇಳಿದೆ. ನನ್ನ ಇಂಗ್ಲಿಷು ತುಂಡುತುಂಡಾಗಿ ಬಂತು. "ನಮ್ಮ ಕೆಲಸದಲ್ಲಿ ಹೀಗಾದ್ರೆ ಆ ತಪ್ಪನ್ನ ಪಟ್ಟಿಯಿಂದ ಹೊಡೆದು ಹಾಕ್ತೀವಿ. ಇದು ಕೆಟ್ಟಿಲ್ಲ, ಇರಬೇಕಾದ ಹಾಗೇ ಇದೆ ಅಂತ ಬರೀತೀವಿ. ದಯವಿಟ್ಟು ಹಾಗೆ ಬರ್ಕೊಳ್ಳಿ."

ಡೆಕ್ಲನ್ ಚಿಕ್ಕಮ್ಮನ ಕಡೆ ತಿರುಗಿದ. "ಪೆಗ್ ಇನ್ನು ಬರಲ್ಲ."

"ಗೊತ್ತು. ಅವಳ ಗಾಡಿಯನ್ನ ಈ ಗೇಟಿನಲ್ಲಿ ನಿಂತು ಕಳಿಸಿಕೊಟ್ಟವಳು ನಾನು." ಆಮೇಲೆ ಅವರು ನರ್ಸ್ ಕಡೆ ನೋಡಿದರು. "ಬ್ರೀಡಾ, ಒಬ್ಬರನ್ನ ಒಳಗೆ ಕರೀಬಹುದಾ ಈಗ?"

"ಮಾಸ್ಕ್ ಹಾಕಿ, ದೂರ ಕೂತು, ಸ್ವಲ್ಪ ಹೊತ್ತು. ನಿನ್ನೆಯಿಂದ ಬಿಟ್ಟಿದ್ದಾರೆ."

"ಸ್ವಾಮಿ, ಬಾ. ಕೂತ್ಕೋ."

ಆ ರಿಪೋರ್ಟು ಓದಿ ಮುಗಿಸಿ ಹತ್ತು ನಿಮಿಷ ಆಗಿರಲಿಲ್ಲ. ನಾನು ಮಾಸ್ಕು ಹಾಕಿಕೊಂಡು ಗೋಡೆ ದಾಟಿದೆ. ಶೂ ಬಾಗಿಲಲ್ಲಿ ಬಿಟ್ಟೆ. ಪೆಗ್‌ರ ಕುರ್ಚಿಯ ಮೇಲೆ ಕೂತೆ.

ಮೂರು ತಿಂಗಳು ಗಾಜಿನ ಆಚೆಯಿಂದ, ನಿಂತು ನೋಡಿದ್ದ ಚಿತ್ರ. ಕೂತಾಗ ಅದು ಬೇರೆ ಆಯಿತು. ಬಿದಿರಿನ ಹಿಮ ನನ್ನ ತಲೆಯ ಮೇಲೆ ಬಂತು. ಪೊದೆ ಕಣ್ಣಿನ ಮಟ್ಟಕ್ಕೆ ಬಂತು. ಬೆನ್ನು ಮಾಡಿ ಕೂತಿದೆ ಎಂದುಕೊಂಡಿದ್ದ ಮೂರನೆಯ ಗುಬ್ಬಿ ಕತ್ತು ತಿರುಗಿಸಿ, ತನ್ನ ಹೆಗಲ ಮೇಲಿಂದ ನೇರವಾಗಿ ನನ್ನನ್ನು ನೋಡುತ್ತಿತ್ತು. ಕಣ್ಣು ಸಾಸಿವೆ ಕಾಳಿಗಿಂತ ಚಿಕ್ಕದು.

ಎಷ್ಟೋ ಹೊತ್ತಿನ ಮೇಲೆ ಅವರು ಕೇಳಿದರು, "ಏನು ಕಾಣ್ತು?"

"ಮೂರನೆಯದು ತಿರುಗಿ ನೋಡ್ತಿದೆ."

"ಹಾಂ. ಅದು ಕೂತವರಿಗೆ ಮಾತ್ರ." ಅವರು ಮೂಲೆಯಿಂದ ಕವಲು ಕೋಲು ತೆಗೆದುಕೊಂಡರು. "ಈಗ ಆಯ್ತು."

ಮೊದಲು ಗೋಡೆಯ ಹತ್ತಿರ ಮಂಡಿ ಊರಿದರು. ಎರಡು ಕೈಯಿಂದ ಕೆಳಗಿನ ಕೋಲು ಹಿಡಿದು ಸುತ್ತುತ್ತಾ ಮೇಲೆ ಬಂದರು. ಸುತ್ತು ಬಿಗಿಯೂ ಇರಲಿಲ್ಲ, ಸಡಿಲವೂ ಇರಲಿಲ್ಲ. ಪೊದೆ ಹೋಯಿತು, ಮೂರನೆಯ ಗುಬ್ಬಿ ಹೋಯಿತು. ಎದೆಯ ಮಟ್ಟಕ್ಕೆ ಬಂದಾಗ ಎದ್ದು ನಿಂತು ಸುರುಳಿಯನ್ನು ಎಡಗೈಗೆ ಕೊಟ್ಟು, ಬಲಗೈಯಲ್ಲಿ ಕವಲು ಕೋಲು ಎತ್ತಿದರು. ಎಂಬತ್ತಮೂರು ವರ್ಷದ ಭುಜ. ಕೋಲಿನ ತುದಿ ಮೊಳೆಯ ಹತ್ತಿರ ಹೋಗಿ ಒಂದು ಸಲ ತಪ್ಪಿತು. ನಾನು ಏಳಲು ಹೋದೆ.

"ಕೂರು. ನೋಡೋಕೆ ಬಂದವರು ಏಳಬಾರದು."

ಹಿಂದೆ ಗಾಜಿಗೆ ಏನೋ ತಾಗಿದ ಮೆತ್ತಗಿನ ಸದ್ದಾಯಿತು. ಒಂದೇ ಒಂದು ಸಲ ತಿರುಗಿ ನೋಡಿದೆ. ಕಿಟಕಿಯ ಆಚೆ ಬ್ರೀಡಾ ನಿಂತಿದ್ದರು. ಅವರಿಂದ ದೂರದಲ್ಲಿ, ಆಸ್ಪತ್ರೆಯಿಂದ ಆಗ ತಾನೆ ಬಂದ ಶಾಲಿನಿ, ಹೆಗಲ ಮೇಲೆ ಚೀಲ. ನಡುವೆ ಡೆಕ್ಲನ್ ಗಾಜಿಗೆ ಹಣೆ ಆನಿಸಿ ನಿಂತಿದ್ದ.

ಎರಡನೆಯ ಸಲ ಕವಲು ದಾರಕ್ಕೆ ಸಿಕ್ಕಿತು. ಮೇಲಿನ ತುದಿ ಮೊಳೆಯಿಂದ ಬಿಟ್ಟು, ತೂಗುತ್ತಾ, ಅವರ ಕೈಗೆ ಇಳಿಯಿತು. ಉಳಿದ ಹಿಮವನ್ನು ಮೇಜಿನ ಮೇಲೆ ಸುತ್ತಿ ಮುಗಿಸಿದರು. ದಾರ ರೇಷ್ಮೆಯನ್ನು ಕಚ್ಚದಿರಲೆಂದು ಒಂದು ಕಾಗದದ ಪಟ್ಟಿ ಇಟ್ಟರು. ಅದರ ಮೇಲೆ ದಾರವನ್ನು ಮೂರು ಸುತ್ತು ಸುತ್ತಿ, ಕುಣಿಕೆ ಮಾಡಿ, ಕೆಳಗೆ ತೂರಿಸಿದರು. ಬೆರಳು ಒಂದು ಸಲವೂ ನಿಂತು ಯೋಚಿಸಲಿಲ್ಲ. ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಳ ಹಾಕಿದರು. ಹೋಗಿ ಕಿಟಕಿ ಪೂರ್ತಿ ತೆರೆದರು.

"ಈಗ ಜೂನ್," ಎಂದರು ಹೊರಗಿದ್ದವರಿಗೆ. "ಬ್ರೀಡಾ, ಬರ್ಕೋ."

ಬ್ರೀಡಾ ಹಲಗೆಯ ಮೇಲೆ ಏನೋ ಬರೆದು ಪೆನ್ನು ಮುಚ್ಚಿದರು. "ಗ್ರ್ಯಾಂಡ್," ಎಂದರು. ಈ ದೇಶದಲ್ಲಿ ಆ ಒಂದು ಮಾತು ಚಹಾ ಬೇಡ ಎನ್ನುವುದಕ್ಕೂ ಆಗುತ್ತದೆ, ಜೀವ ಉಳಿಯಿತು ಎನ್ನುವುದಕ್ಕೂ ಆಗುತ್ತದೆ. ಅರ್ಜಿ ಡೆಕ್ಲನ್‌ನ ಜೇಬಿನಿಂದ ಹೊರಗೆ ಬರಲಿಲ್ಲ. ಮಧ್ಯಾಹ್ನ ಅವನು ಅಂಗಡಿಗೆ ಹೋಗಿ ಕಂಬಿ ತಂದು, ಬಚ್ಚಲುಮನೆಯ ಗೋಡೆಗೆ ಹಿಡಿದುಕೊಳ್ಳಲು ಹಾಕಿಕೊಟ್ಟು ಊರಿಗೆ ಹೋದ. ಕಂಬಿ ಈಗಲೂ ಗಟ್ಟಿಯಾಗಿದೆ.

ನೊರೀನಮ್ಮ ಆಮೇಲೆ ಐದು ವರ್ಷ ಬದುಕಿದರು. ಪ್ರತಿ ಡಿಸೆಂಬರ್‌ಗೆ ಗುಬ್ಬಿಗಳು ಗೋಡೆಗೆ ಬಂದವು. ಪ್ರತಿ ಮಾರ್ಚ್‌ನಲ್ಲಿ ನನ್ನನ್ನು ಕರೆದು ಕೂರಿಸಿದರು. ಮರುವರ್ಷ ಮತ್ತೆ ಬಾಗಿಲು ಮುಚ್ಚಿದ್ದಾಗ ಅಂಗಳದಲ್ಲಿ ಕುರ್ಚಿ ಹಾಕಿ, ಕಿಟಕಿ ತೆರೆದು, ಮಳೆಯಲ್ಲಿ ಕೊಡೆ ಹಿಡಿದು ಕೂತು ನೋಡಿದೆ. ರಿಪೋರ್ಟಿನ ಬಗ್ಗೆ ಅವರು ಆಡಿದ್ದು ಒಂದೇ ಮಾತು, ಆ ಮಂಗಳವಾರ ಸಂಜೆ, ಗೋಡೆಯ ಆಚೆಯಿಂದ: "ಕಾರಣಕ್ಕೂ ಒಂದು ಅಂಕಣ ಹಾಕು, ಸ್ವಾಮಿ."

ಇದು ಆ ಅಂಕಣ. ಡೆಕ್ಲನ್ ಹೋಟೆಲಿನಲ್ಲಿ ಹೇಳಿದ್ದರಲ್ಲಿ ಹಿಮ ನಿಜ, ಜೂನ್ ನಿಜ. ಕಾರಣ ಬಿಟ್ಟು ಹೇಳಿದ, ನಾನು ಒಮ್ಮೆ ಬರೆದ ಹಾಗೆಯೇ. ಈ ಡಿಸೆಂಬರ್‌ನಲ್ಲಿ ಚಿತ್ರ ನಮ್ಮ ಮನೆಯ ಗೋಡೆಯ ಮೇಲಿದೆ. ಕವಲು ಕೋಲು ಮೂಲೆಯಲ್ಲಿದೆ. ಮಾರ್ಚ್‌ನಲ್ಲಿ ಬಂದು ಕೂತು ನೋಡಬೇಕು ಎಂದು ಡೆಕ್ಲನ್‌ಗೆ ಬರೆದಿದ್ದೇನೆ. ಅವನು ಬರುವವರೆಗೆ ಇಳಿಸುವುದಿಲ್ಲ. ಜೂನ್ ಆದರೂ ಸರಿ, ಬೀದಿಯವರು ನನ್ನ ತಲೆ ಕೆಟ್ಟಿದೆ ಎಂದರೂ ಸರಿ.

ಎಂಬತ್ತಮೂರರ ಹೆಂಗಸು ಯಾರ ನೆರವಿಲ್ಲದೆ, ಒಂದು ಹೆಜ್ಜೆ ಮರೆಯದೆ, ತನ್ನ ಚಳಿಗಾಲವನ್ನು ತಾನೇ ಇಳಿಸಿ ಸುತ್ತಿಟ್ಟದ್ದನ್ನು ನೋಡಿದವರು ನಾಲ್ಕು ಜನ. ನಾನು ನೋಡಿದೆ. ಶಾಲಿನಿ ನೋಡಿದಳು, ಈಗ ಮೇಲಿನ ಕೋಣೆಯಲ್ಲಿ ಮಲಗಿದ್ದಾಳೆ, ಎಬ್ಬಿಸಿ ಕೇಳಿದರೂ ಇದನ್ನೇ ಹೇಳುತ್ತಾಳೆ. ಬ್ರೀಡಾ ನೋಡಿದರು, ಕೆಲಸದಿಂದ ನಿವೃತ್ತಿಯಾಗಿ ಆಡಮ್ಸ್‌ಟೌನ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಡೆಕ್ಲನ್ ನೋಡಿದ. ಅವನ ಹಣೆಯ ಗುರುತು ಹೊರಗಿನಿಂದ ಆ ಗಾಜಿನ ಮೇಲೆ ಉಳಿದಿತ್ತು. ಮಾರನೆಯ ಬೆಳಿಗ್ಗೆ ನೊರೀನಮ್ಮ ಬಟ್ಟೆ ಹಿಡಿದು ಬಂದು ಕಿಟಕಿಯನ್ನೆಲ್ಲ ಒರೆಸಿದರು, ಅಷ್ಟು ಜಾಗ ಹಾಗೇ ಬಿಟ್ಟರು.

ಅವನು ಬದುಕಿದ್ದಾನೆ. ಬ್ಯಾಲಿನ್‌ಕೊಲಿಗ್‌ನಲ್ಲಿದ್ದಾನೆ, ಕೇಳಿ ನೋಡಿ.